ಶುಕ್ರವಾರದ ಚರಗ

ನವೆಂಬರ್ 9, 2025, ಭಾನುವಾರ. ಕೊಲಂಬಿಯಾ, ಮನೆ

ನಾಳೆಯಿಂದ ಮಾಡುವ ಕೆಲಸವನ್ನು ಯಾರಿಗೂ ಹೇಳುವಂತಿಲ್ಲ. ಹೇಳದೆ ಇಟ್ಟುಕೊಂಡರೆ ಹೊಟ್ಟೆ ಉಬ್ಬುತ್ತದೆ. ಅದಕ್ಕೇ ಮಗಳು ಆರತಿ ಹೈಸ್ಕೂಲಿನಲ್ಲಿ ಅರ್ಧ ಬರೆದು ಬಿಟ್ಟ ಈ ನೋಟ್‌ಬುಕ್ ತೆಗೆದುಕೊಂಡೆ. ಮೊದಲ ಇಪ್ಪತ್ತು ಪುಟ ಅವಳ ಕೆಮಿಸ್ಟ್ರಿ, ಮಿಕ್ಕಿದ್ದು ನಾನು. ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಗಂಡನಿಗೆ ಓದುವ ತಾಳ್ಮೆಯಿಲ್ಲ, ಅತ್ತೆಗೆ ಹತ್ತಿರದ ಅಕ್ಷರ ಕಾಣುವುದಿಲ್ಲ. ಇದಕ್ಕಿಂತ ಭದ್ರವಾದ ತಿಜೋರಿ ಎಲ್ಲಿ ಸಿಗಬೇಕು?

ರಾಕ್‌ವಿಲ್‌ನ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ದುಡಿದೆ. ಮಾರ್ಚ್‌ನಲ್ಲಿ ಒಂದು ಇಮೇಲ್ ಬಂತು, ಕಾಂಟ್ರಾಕ್ಟ್ ರದ್ದು. ಮೂರು ಸಾಲಿನ ಇಮೇಲ್, ಅದರಲ್ಲೂ ನನ್ನ ಹೆಸರು ತಪ್ಪು. ಅಂದಿನಿಂದ ಅರವತ್ತೊಂದು ಕಡೆ ಅಪ್ಲೈ ಮಾಡಿದೆ. ಬೀದರಿನ ಪಶುವೈದ್ಯ ಡಿಗ್ರಿ ಇಲ್ಲಿ ಗೋಡೆಗೆ ನೇತುಹಾಕಲಿಕ್ಕೆ ಮಾತ್ರ. ಕೊನೆಗೆ ಕರೆದವರು ಒಬ್ಬರೇ. ಚೆಸಪೀಕ್ ಕೊಲ್ಲಿಯ ಆಚೆ, ಇಲ್ಲಿಂದ ಎರಡೂವರೆ ತಾಸಿನ ದಾರಿ, ಮಾರ್ಲೋ ಐಲ್ಯಾಂಡ್ ಎಂಬ ಜೌಗಿನ ದ್ವೀಪ. ಅಲ್ಲಿ ಬೇಟೆಗಾರರು ತಂದ ಜಿಂಕೆಗಳನ್ನು ಸುಲಿದು, ಕೊಯ್ದು, ಪ್ಯಾಕ್ ಮಾಡುವ ಒಂದು ಶೆಡ್. ಮಾಂಸದಲ್ಲಿ ಒಂದು ಪಾಲು ಬಡವರ ಫುಡ್ ಬ್ಯಾಂಕಿಗೆ ಹೋಗುತ್ತದೆ. ಪ್ರತಿ ಜಿಂಕೆಯ ಗಂಟಲಿನ ಗ್ರಂಥಿ ತೆಗೆದು ರೋಗದ ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ಸೋಮವಾರದಿಂದ ಶುಕ್ರವಾರ ಅಲ್ಲಿ, ಇರಲಿಕ್ಕೆ ಒಂದು ಟ್ರೇಲರ್. ಶನಿವಾರ, ಭಾನುವಾರ ಮನೆ.

"ಅವ್ವಗ ಹೇಳಬ್ಯಾಡ," ಅಂದ ಬಸವಕುಮಾರ್. "ವೈಲ್ಡ್‌ಲೈಫ್ ರಿಸರ್ಚ್ ಅಂತ ಹೇಳೂಣು. ಟೆಕ್ನಿಕಲಿ ಸುಳ್ಳೇನಲ್ಲ."

ನನ್ನ ಗಂಡನ ಎಲ್ಲ ಸುಳ್ಳುಗಳೂ ಟೆಕ್ನಿಕಲಿ ನಿಜವೇ.

ಅವನ ಅವ್ವ, ನನ್ನ ಅತ್ತೆ, ಶಿವಕ್ಕ. ಎಂಬತ್ತೊಂದು ವರ್ಷ. ಎರಡು ಹೊತ್ತು ಲಿಂಗಪೂಜೆ. ಸಮಾಜದ ಕಾರ್ಯಕ್ರಮಕ್ಕೆ ಹೋದರೂ ಅಡುಗೆ ಮಾಡಿದವರು ಯಾರು ಎಂದು ಮೊದಲು ಕೇಳುತ್ತಾರೆ, ಅನುಮಾನ ಬಂದರೆ ನೀರು ಕುಡಿದು ಏಳುತ್ತಾರೆ. ಆದರೆ ಇಪ್ಪತ್ತಾರು ವರ್ಷದಿಂದ ನನ್ನ ಕೈಯ ರೊಟ್ಟಿ ಅವರಿಗೆ ಆಗಲೇಬೇಕು. "ನಮ್ಮ ಸಿದ್ದಿ ಬಡದ ರೊಟ್ಟಿ ಇದ್ರ ಬರೇ ಉಪ್ಪು ಸಾಕವಾ," ಎಂದು ಬಾಗಲಕೋಟೆಯ ತಂಗಿಯ ಮುಂದೆ ಫೋನಿನಲ್ಲಿ ಹೊಗಳುತ್ತಾರೆ. ನನ್ನ ತಾಯಿ ನಾನು ಹನ್ನೊಂದು ವರ್ಷದವಳಿದ್ದಾಗಲೇ ಹೋದಳು. ನನ್ನನ್ನು ಹೊಗಳಿದ ಬಾಯಿ ಇದೊಂದೇ. ಈ ಕೈ ಮಾಂಸ ಕೊಯ್ಯುವ ಶೆಡ್ಡಿನಲ್ಲಿದೆ ಎಂದು ಗೊತ್ತಾದರೆ ಅವರು ಇದರಿಂದ ನೀರನ್ನೂ ಮುಟ್ಟಲಾರರು. ನೌಕರಿ ಹೋದಾಗ ಅಳಲಿಲ್ಲ. ಇದು ಹೋದರೆ ಅಳುತ್ತೇನೆ.

ಇವತ್ತು ನಲವತ್ತು ಖಡಕ್ ರೊಟ್ಟಿ ಬಡಿದು, ಬೇಯಿಸಿ, ಒಣಗಿಸಿ ಡಬ್ಬಿ ತುಂಬಿದ್ದೇನೆ. ಅತ್ತೆಗೆ ಶುಕ್ರವಾರದವರೆಗೆ ಸಾಕು.

ನವೆಂಬರ್ 11, ಮಂಗಳವಾರ. ಮಾರ್ಲೋ ಐಲ್ಯಾಂಡ್

ಎರಡು ಸಲ ವಾಂತಿ. ಮೂಗಿಗೆ ಮಾಸ್ಕ್, ಅದರೊಳಗೆ ವಿಕ್ಸ್. ಆದರೂ ವಾಸನೆ ಕೂದಲಲ್ಲಿ ಕೂತುಬಿಟ್ಟಿದೆ.

ಶೆಡ್ಡಿನ ಯಜಮಾನ ಅರ್ಲ್, ಎಪ್ಪತ್ತರ ಹತ್ತಿರ. ನನ್ನ ಹೆಸರನ್ನು 'ಸಿಡ್' ಮಾಡಿದ್ದಾನೆ. ಪ್ಯಾಕಿಂಗ್ ಮಾಡುವ ಡಾರ್ಲೀನ್ ಬಾಯಲ್ಲಿ ಸದಾ ಚೂಯಿಂಗ್ ಗಮ್, ಕೈಯಲ್ಲಿ ಸದಾ ಮಾಂಸ. ಇವರ ಜೊತೆ ಹನ್ನೆರಡು ವಾರ ಕಳೆಯಬೇಕಂತೆ. ಇಲ್ಲಿಯ ಜಿಂಕೆಗಳಿಗೆ ಸಿಕಾ ಎಂದು ಹೆಸರು, ನಮ್ಮ ಕರುವಿಗಿಂತ ಚಿಕ್ಕವು. ನೂರು ವರ್ಷದ ಹಿಂದೆ ಯಾರೋ ಹೊರದೇಶದಿಂದ ತಂದು ಬಿಟ್ಟರಂತೆ. ಅವುಗಳ ಪೇಪರ್ ಯಾರೂ ಕೇಳಿದಂತಿಲ್ಲ.

ಶುಕ್ರವಾರಕ್ಕೆ ಇನ್ನು ಎಪ್ಪತ್ತೆರಡು ತಾಸು.

ನವೆಂಬರ್ 15, ಶನಿವಾರ. ಕೊಲಂಬಿಯಾ

ನಿನ್ನೆ ಮನೆ ಮುಟ್ಟಿದಾಗ ಹೋದ ಜೀವ ಬಂದಂತಾಯಿತು. ಗ್ಯಾರೇಜಿನಲ್ಲೇ ಬಟ್ಟೆ ಬಿಚ್ಚಿ, ಮೂರು ಸಲ ತಲೆಗೆ ನೀರು ಹಾಕಿಕೊಂಡು ಆಮೇಲೆ ಅತ್ತೆಯ ಮುಂದೆ ಹೋದೆ. ರೊಟ್ಟಿ ಡಬ್ಬಿ ಖಾಲಿ! ಎಲ್ಲ ತಿಂದಿದ್ದಾರೆ.

"ಲ್ಯಾಬಿನ್ಯಾಗ ಭಾಳ ಥಂಡಿ ಐತೇನ? ಕೈ ಹ್ಯಾಂಗ ಬಿರಕು ಬಿಟ್ಟಾವ ನೋಡ," ಎಂದು ಅತ್ತೆ ನನ್ನ ಎರಡೂ ಕೈ ತೊಡೆಯ ಮೇಲೆ ಎಳೆದುಕೊಂಡು ಬೆಣ್ಣೆ ತಿಕ್ಕಿದರು. ಒಂದೊಂದೇ ಬೆರಳು. ನಾನು ಟಿವಿಯ ಕಡೆ ನೋಡುತ್ತ ಕೂತೆ.

ನವೆಂಬರ್ 29, ಶನಿವಾರ. ಮಾರ್ಲೋ ಐಲ್ಯಾಂಡ್

ಬಂದೂಕಿನ ಸೀಸನ್ ಇವತ್ತು ಶುರು. ಈ ವಾರ ಮನೆಗೆ ಹೋಗುವ ಹಾಗಿಲ್ಲ. ನಸುಕಿನಿಂದ ಪಿಕಪ್ ಟ್ರಕ್ಕುಗಳ ಸಾಲು, ಎಪ್ಪತ್ಮೂರು ಜಿಂಕೆ. ಹತ್ತು ಗಂಟೆಗೆ ಕೊಯ್ಯುವವನೊಬ್ಬ ತನ್ನ ಹೆಬ್ಬೆರಳನ್ನೇ ಕೊಯ್ದುಕೊಂಡು ಆಸ್ಪತ್ರೆಗೆ ಹೋದ. ಅರ್ಲ್ ಅವನ ಚಾಕು ತೊಳೆದು ನನ್ನ ಮುಂದೆ ಇಟ್ಟ. ನೀನು ಡಾಕ್ಟರ್, ಯಾವ ಕೀಲು ಎಲ್ಲಿದೆ ಅಂತ ನಮಗಿಂತ ನಿನಗೇ ಚೆನ್ನಾಗಿ ಗೊತ್ತು ಅಂದ.

ಗೊತ್ತಿತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಬೀದರಿನಲ್ಲಿ ಕಲಿತದ್ದು ಕೈಯಲ್ಲೇ ಉಳಿದಿತ್ತು. ಭುಜದ ಹಿಂದೆ ಚಾಕು ಇಟ್ಟರೆ ತಾನೇ ದಾರಿ ಹುಡುಕಿಕೊಂಡು ಹೋಗುತ್ತದೆ. ಸಂಜೆಯೊಳಗೆ ಹನ್ನೊಂದು. ಹೇಸಿಗೆ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು.

ಅರಿವೆಯಲ್ಲಿ ಸುತ್ತಿದ ಲಿಂಗದ ಕರಡಿಗೆಯನ್ನು ಟ್ರೇಲರಿನ ಕಪಾಟಿನಲ್ಲೇ ಇಟ್ಟು ಹೋಗಿದ್ದೆ. ಎದೆಯ ಮೇಲೆ ಇಟ್ಟುಕೊಂಡು ಮಾಡುವ ಕೆಲಸವಲ್ಲ ಇದು.

ಡಿಸೆಂಬರ್ 4, ಗುರುವಾರ. ಮಾರ್ಲೋ ಐಲ್ಯಾಂಡ್

ಡಾರ್ಲೀನ್ ನನ್ನ ಡಬ್ಬಿಯಿಂದ ರೊಟ್ಟಿ ಕಸಿದುಕೊಂಡು ತಿಂದಳು. ಶೇಂಗಾ ಚಟ್ನಿಪುಡಿ ಕಣ್ಣಲ್ಲಿ ನೀರು ತರಿಸಿತು, ಆದರೂ ಇನ್ನೊಂದು ಕೇಳಿದಳು. ಅರ್ಲ್ ತನ್ನ ಜಿಂಕೆ ಮಾಂಸದ ಸಾರಿನಲ್ಲಿ ಅದ್ದಿಕೊಂಡು ನಾಲ್ಕು ಮುಗಿಸಿದ. ಅತ್ತೆ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಮಾಸ್ಕ್ ಹಾಕಿಕೊಳ್ಳುವುದು ಮರೆತೇ ಹೋಗಿತ್ತು, ಸಂಜೆ ಜೇಬಿನಲ್ಲಿ ಸಿಕ್ಕಿತು.

ಡಿಸೆಂಬರ್ 13, ಶನಿವಾರ. ಕೊಲಂಬಿಯಾ

ಇವತ್ತು ನನಗೆ ನನ್ನ ಮೇಲೇ ಮೆಚ್ಚುಗೆ.

ಅತ್ತೆಗೆ ಪೂಜೆಗೆ ಕೂತರೆ ಮೊಣಕಾಲು ಹಿಡಿಯುತ್ತದೆ, ನೆಲ ಥಂಡಿ. ಅವರ ಅಪ್ಪ ಜಿಂಕೆಯ ಚರ್ಮದ ಮೇಲೆ ಕೂತು ಪೂಜೆ ಮಾಡುತ್ತಿದ್ದರಂತೆ, ಅದನ್ನು ನೂರು ಸಲ ಕೇಳಿದ್ದೇನೆ. ತಾನಾಗಿ ಸತ್ತ ಜಿಂಕೆಯದೇ ಆಗಬೇಕು, ಕೊಂದದ್ದು ನಡೆಯುವುದಿಲ್ಲ ಎಂಬುದನ್ನೂ ಕೇಳಿದ್ದೇನೆ. ಅರ್ಲ್ ಹೋದ ವರ್ಷ ಹದ ಮಾಡಿಟ್ಟ ಒಂದು ಸಿಕಾ ಚರ್ಮ ಇತ್ತು. ಚುಕ್ಕೆ ಚುಕ್ಕೆಯ, ಕೈಯಿಟ್ಟರೆ ಜಾರುವಂಥ ಚರ್ಮ. ಗುಂಡಿನ ತೂತನ್ನು ಅವನ ಹೆಂಡತಿ ಒಳಗಡೆಯಿಂದ ಎಷ್ಟು ಸಣ್ಣಗೆ ಹೊಲಿದಿದ್ದಾಳೆಂದರೆ ನನ್ನ ಕಣ್ಣಿಗೇ ಕಾಣುವುದಿಲ್ಲ. ಇನ್ನು ಅತ್ತೆಯ ಕಣ್ಣಿಗೆ ಏನು ಕಂಡೀತು?

"ಜೌಗಿನ್ಯಾಗ ಥಂಡೀಲೆ ಸತ್ತಿತ್ತಂತ್ರಿ. ಲ್ಯಾಬಿನವರು ಕೊಟ್ರು," ಅಂದೆ.

ಅತ್ತೆ ಬಹಳ ಹೊತ್ತು ಅದರ ಮೇಲೆ ಕೈಯಾಡಿಸಿದರು. "ಎಷ್ಟ ಮೆತ್ತಗೈತಿ," ಅಂದರು. ಆಮೇಲೆ, "ತಾನ ಸತ್ತದ್ದು ಹೌದಲ್ಲ?"

"ಹೌದ್ರೀ ಅತ್ತಿ."

ಅವರ ಕೈ ಒಂದು ಕಡೆ ನಿಂತಿತು. ಚರ್ಮವನ್ನು ಮಡಚಿ ಟ್ರಂಕಿನಲ್ಲಿ ಇಟ್ಟರು. ಒಳ್ಳೆಯ ದಿನ ನೋಡಿ ತೆಗೆಯುತ್ತಾರಂತೆ. ಅಂತೂ ನನ್ನ ಈ ದರಿದ್ರ ಕೆಲಸದಿಂದ ಮನೆಗೆ ಒಂದು ಒಳ್ಳೆಯದಾಯಿತು.

ಡಿಸೆಂಬರ್ 19, ಶುಕ್ರವಾರ. ಕೊಲಂಬಿಯಾ

ಎಳ್ಳಮಾವಾಸ್ಯೆ. ಅರ್ಲ್‌ಗೆ ಹಬ್ಬ ಎಂದು ಹೇಳಿ ನಿನ್ನೆಯೇ ಬಂದೆ. ಸಜ್ಜಿ ಕಡಬು, ಪುಂಡಿಪಲ್ಯ, ಎಳ್ಳು ಹಚ್ಚಿದ ರೊಟ್ಟಿ. ಊರಿನಲ್ಲಾದರೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಉಣ್ಣುವ ಮೊದಲು ಭೂಮಿತಾಯಿಗೆಂದು ಎಲ್ಲ ಅಡುಗೆಯನ್ನೂ ಸುತ್ತ ಚೆಲ್ಲಿ ಬರಬೇಕು. ಅದೇ ಚರಗ. ಹಕ್ಕಿ, ಹುಳ, ಇಲಿ, ಯಾವುದಕ್ಕೆ ಸಿಕ್ಕರೆ ಅದಕ್ಕೆ. ಇಲ್ಲಿ ನಮ್ಮ ಹೊಲ ಎಂದರೆ ಡೆಕ್ ಎಂಬ ಹಿತ್ತಲಿನ ಮರದ ಜಗಲಿಯ ಆಚೆಗಿನ ಕಾಲು ಎಕರೆ ಹುಲ್ಲು. ಅತ್ತೆ ವಾಕರ್ ಹಿಡಿದು ಡೆಕ್ಕಿನ ಅಂಚಿಗೆ ಹೋಗಿ, ಬುಟ್ಟಿಯಿಂದ ಚೆಲ್ಲುತ್ತ "ಹುಲಿಗ್ಯೋ ಹುಲಿಗ್ಯೋ" ಎಂದು ಚರಗದ ಕೂಗು ಹಾಕಿದರು. ಪಕ್ಕದ ಮನೆಯವರು ಪರದೆ ಸರಿಸಿ ನೋಡಿದರು. ನೋಡಲಿ.

ಮಧ್ಯಾಹ್ನ ಮರಗಳ ಸಂದಿಯಿಂದ ಮೂರು ಜಿಂಕೆ ಬಂದು ಎಲ್ಲ ತಿಂದವು. ಒಂದರ ಎಡಕಿವಿ ಹರಿದಿದೆ. "ಅದಕ್ಕ ಹರಕಿವಿ ಅಂತ ಹೆಸರಿಟ್ಟೀನಿ," ಅಂದರು ಅತ್ತೆ. ನಾನು ಅವುಗಳನ್ನು ನೋಡುತ್ತ ನಿಂತವಳು, ಹರಕಿವಿಯ ಎಲುಬು ತೆಗೆದರೆ ನಲವತ್ತು ಪೌಂಡ್ ಮಾಂಸ ಇಳಿಯಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಜನವರಿ 5, 2026, ಸೋಮವಾರ. ಮಾರ್ಲೋ ಐಲ್ಯಾಂಡ್

ರಜೆ ಮುಗಿಸಿಕೊಂಡು ಮನೆಗೆ ಬಂದೆ. ಟ್ರೇಲರಿನ ಹೀಟರನ್ನು ಅರ್ಲ್ ಮೊದಲೇ ಹಚ್ಚಿಟ್ಟಿದ್ದ. ಡಾರ್ಲೀನ್ ಬಾಗಿಲಿಗೆ ಒಂದು ಡಬ್ಬಿ ಚಳಿಗಾಲದ ಕೈಮುಲಾಮು ತೂಗುಹಾಕಿದ್ದಳು. ಈ ಸಲ ಅತ್ತೆ ಬೆಣ್ಣೆ ತಿಕ್ಕಲಿಲ್ಲ, ಮರೆತರೆಂದು ತೋರುತ್ತದೆ. ವಯಸ್ಸಾಯಿತು.

ಪೂಜೆ ತಪ್ಪಿತು. ನಾಳೆ ಮಾಡಬೇಕು.

ಜನವರಿ 16, ಶುಕ್ರವಾರ. ಕೊಲಂಬಿಯಾ

ಗಾಳಿಗೆ ಕೊಲ್ಲಿ ದಾಟುವ ಬೇ ಬ್ರಿಜ್ ಮುಚ್ಚಬಹುದು ಎಂದು ಅರ್ಲ್ ಬೆಳಗ್ಗೆಯೇ ನನ್ನನ್ನು ಕಳಿಸಿದ. ಹೀಗಾಗಿ ಸಂಜೆಗೆ ಬರಬೇಕಾದವಳು ಮಧ್ಯಾಹ್ನ ಒಂದೂವರೆಗೆ ಮನೆಯಲ್ಲಿದ್ದೆ.

ಡೆಕ್ಕಿನ ಮೇಲೆ ಅತ್ತೆ. ವಾಕರ್ ಸೀಟಿನ ಮೇಲೆ ರೊಟ್ಟಿ ಡಬ್ಬಿ. ಒಂದೊಂದೇ ರೊಟ್ಟಿ ತೆಗೆದು, ಎರಡು ತುಂಡು ಮಾಡಿ ಹುಲ್ಲಿಗೆ ಎಸೆಯುತ್ತಿದ್ದರು. ಎಳ್ಳಮಾವಾಸ್ಯೆಯೂ ಇಲ್ಲ, ಯಾವ ಹಬ್ಬವೂ ಇಲ್ಲ. ಡಬ್ಬಿ ಇನ್ನೂ ತುಂಬಿದಂತೆಯೇ ಇತ್ತು. ಭಾನುವಾರ ನಾನು ಜೋಡಿಸಿಟ್ಟದ್ದರಲ್ಲಿ, ಆಗ ಹುಲ್ಲಿಗೆ ಬಿದ್ದದ್ದು ಬಿಟ್ಟರೆ, ಒಂದೂ ಕಡಿಮೆಯಾಗಿರಲಿಲ್ಲ.

"ಏನ್ ಮಾಡಾಕತ್ತೀರಿ ಅತ್ತಿ?"

ತಿರುಗಿ ನೋಡಿದರು. ಗಾಬರಿಯಾಗಲಿಲ್ಲ. ಕೈಯಲ್ಲಿದ್ದದ್ದನ್ನೂ ಮುರಿದು ಎಸೆದರು.

"ಆ ಚರ್ಮದಾಗ ಹೊಲಿಗಿ ಐತಿ, ಸಿದ್ದಿ. ಕಣ್ಣಿಗೆ ಕಾಣಂಗಿಲ್ಲ ಅಂತ ತಿಳದಿದ್ದಿ. ಬೆರಳಿಗೆ ಹತ್ತತೈತಿ. ತಾನ ಸತ್ತ ಪ್ರಾಣಿಗೆ ತೂತು ಎಲ್ಲಿಂದ ಬರಬೇಕು? ಬಸುನ್ನ ಕೇಳಿದೆ. ಎಲ್ಲಾ ಹೇಳಿದ."

"ಅವತ್ತೇ ನನಗ ಕೇಳಬೇಕಾಗಿತ್ತಲ್ರಿ."

"ಕೇಳಿದ್ನಲ್ಲ. 'ಹೌದ್ರೀ ಅತ್ತಿ' ಅಂದಿ."

ಒಂದು ತಿಂಗಳು! ಒಂದು ತಿಂಗಳು ನನ್ನ ಮುಂದೆ ಕೂತು ರೊಟ್ಟಿ ಚಲೋ ಆಗ್ಯಾವ ಅಂದ ಬಾಯಿ.

"ಉಣ್ಣಾಕ ಆಗಂಗಿಲ್ಲ ಅಂದ್ರ ಹೇಳ್ರಿ, ಕಸದಾಗ ಒಗೀರಿ. ಜಿಂಕಿಗೆ ಯಾಕ?"

"ಅವುಗಳ ಋಣ ನಿನ್ನ ತಲಿ ಮ್ಯಾಲ ಐತಿ. ನಿನಗ ತೀರಸೂ ಪುರಸೊತ್ತಿಲ್ಲ. ನಿನ್ನ ಕೈಲೆ ಬಡದದ್ದು ಅವುಗಳ ಹೊಟ್ಟಿಗೆ ಹೋಗ್ಲಿ ಅಂತ ಶುಕ್ರವಾರಕ್ಕೊಮ್ಮೆ ಚರಗ ಚೆಲ್ಲತೀನಿ. ನಾ ಇರೂತನಕ."

ಹರಕಿವಿ ಹತ್ತು ಮಾರು ದೂರದಲ್ಲಿ ನಿಂತು ಕಾಯುತ್ತಿತ್ತು. ಜೋಳದ ಹಿಟ್ಟು ಚಳಿಗಾಲದ ಜಿಂಕೆಗೆ ಹಿಡಿಸುವ ಮೇವಲ್ಲ ಎಂಬುದು ನೆನಪಿಗೆ ಬಂತು. ಹೇಳುವ ಮನಸ್ಸಾಗಲಿಲ್ಲ. ಅತ್ತೆಗೆ ನನ್ನ ಪಾಪದ್ದೇ ಚಿಂತೆ, ನನ್ನ ಚಿಂತೆಯಿಲ್ಲ. ಸಿಟ್ಟು ಬಂದಿದೆ. ಇಲ್ಲಿ ಬರೆಯುವಾಗಲೂ ಪೆನ್ನು ಹಾಳೆ ಹರಿಯುತ್ತಿದೆ.

ಜನವರಿ 17, ಶನಿವಾರ

ರೀಸೈಕ್ಲಿಂಗ್ ಡಬ್ಬಿಯ ತಳದಲ್ಲಿ ಅಂಗಡಿಯ ಖಡಕ್ ರೊಟ್ಟಿಯ ಖಾಲಿ ಪ್ಯಾಕೆಟ್‌ಗಳು, ಪಿಜ್ಜಾ ಬಾಕ್ಸಿನಡಿ ಮುಚ್ಚಿಟ್ಟದ್ದು. ಯಾವ ಫ್ಯಾಕ್ಟರಿಯ ಯಾವ ಮಷೀನು ಬಡಿದದ್ದೋ, ಆ ರೊಟ್ಟಿ ಆಗುತ್ತದೆ.

"ಅವ್ವ ತರಾಕ ಹೇಳಿದ್ಲು, ತಂದೆ," ಅಂದ ಬಸವಕುಮಾರ್, ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ.

"ನನಗ ಯಾಕ ಹೇಳಲಿಲ್ಲ?"

"ಸುಮ್ನ ಇಶ್ಯೂ ಎಸ್ಕಲೇಟ್ ಆಗೂದು ಬ್ಯಾಡ ಅಂತ. ಯು ಬೋತ್ ಆರ್ ಸೆನ್ಸಿಟಿವ್."

ಆರತಿಗೆ ಕಾಲೇಜಿಗೆ ಫೋನ್ ಮಾಡಿದೆ. "ಅಮ್ಮಾ, ಅಜ್ಜಿ ಈಸ್ ಏಯ್ಟಿ ಒನ್. ಲೆಟ್ ಇಟ್ ಗೋ," ಅಂದಳು. ಎಲ್ಲರಿಗೂ ಗೊತ್ತಿತ್ತು. ಹಿತ್ತಲಿನ ಜಿಂಕೆಗಳಿಗೂ ಗೊತ್ತಿತ್ತು.

ಮಧ್ಯಾಹ್ನ ಮರದ ಕೊಣಮಿಗೆ ತೆಗೆದು ಅದರಲ್ಲಿ ಹಿಟ್ಟು ನಾದಿದೆ. ನಲವತ್ತಲ್ಲ, ಅರವತ್ತು ಬಡಿದೆ. ಕೈ ಉರಿಯುವವರೆಗೆ ಬಡಿದೆ. ಚೆಲ್ಲಲಿ, ಎಷ್ಟು ಚೆಲ್ಲುತ್ತಾರೋ ನೋಡಿಯೇ ಬಿಡೋಣ. ಡಬ್ಬಿ ಸಾಲದೆ ಇನ್ನೊಂದು ಪಾತ್ರೆಗೂ ತುಂಬಿದೆ. ಅತ್ತೆ ನೋಡುತ್ತ ಕೂತಿದ್ದರು.

ಜನವರಿ 27, ಮಂಗಳವಾರ. ಮಾರ್ಲೋ ಐಲ್ಯಾಂಡ್

ಹೋದ ಶನಿವಾರ ಮನೆಗೆ ಹೋಗಲಿಲ್ಲ. ಬಿರುಗಾಳಿ, ಹಿಮ ಎಂದು ನೆಪ ಸಿಕ್ಕಿತು. ಹಿಮದ ಮೇಲೆ ಆಲಿಕಲ್ಲು ಬಿದ್ದು ಎಲ್ಲ ಸಿಮೆಂಟಿನಂತೆ ಗಟ್ಟಿಯಾಗಿದೆ. ಜೌಗಿನಲ್ಲಿ ಜಿಂಕೆಗಳಿಗೆ ಕಾಲೂರಲು ಆಗುತ್ತಿಲ್ಲ, ತಿನ್ನಲು ತೊಗಟೆ ಬಿಟ್ಟರೆ ಏನೂ ಇಲ್ಲ. ಬಂದವುಗಳ ಮೈಯಲ್ಲಿ ಕೊಬ್ಬೇ ಇಲ್ಲ, ಎಲುಬಿಗೆ ಅಂಟಿದ ಚರ್ಮ. ಬೇಜಾರಾಗುತ್ತದೆ.

ಫೋನಿನಲ್ಲಿ ಬಸವಕುಮಾರ್ ಹೇಳಿದ, ಬಾಗಿಲ ಮುಂದಿನ ಹಿಮ ತೆಗೆಯದೆ ಅವ್ವನಿಗೆ ಡೆಕ್ಕಿಗೆ ಹೋಗಲಾಗುತ್ತಿಲ್ಲವಂತೆ. ಕಳೆದ ಶುಕ್ರವಾರದ ಚರಗವೂ ತಪ್ಪಿತಂತೆ. ಬಹಳ ಚಡಪಡಿಸುತ್ತಿದ್ದಾಳಂತೆ. ಗುರುವಾರ ಹಿಮ ತೆಗೆದುಕೊಡುತ್ತೇನೆ ಅಂದ.

ಜನವರಿ 31, ಶನಿವಾರ. ಕೊಲಂಬಿಯಾ

ಮೊದಲು ನಡೆದದ್ದನ್ನು ಬರೆಯುತ್ತೇನೆ.

ನಿನ್ನೆ ಸಂಜೆ ಬಂದಾಗ ಡಬ್ಬಿ, ಪಾತ್ರೆ ಎರಡೂ ಖಾಲಿ. ಅತ್ತೆ ಮಲಗಿದ್ದರು. ಇವತ್ತು ಬೆಳಗ್ಗೆ ಕಾಫಿ ಹಿಡಿದು ಹಿತ್ತಲಿಗೆ ಹೋದೆ. ಹುಲ್ಲುಕತ್ತರಿ ಯಂತ್ರ ಇಡುವ ಗೂಡಿನ ಹಿಂದೆ, ಮನೆಯಿಂದ ಕಾಣದ ಕಡೆ, ಹರಕಿವಿ ಬಿದ್ದಿತ್ತು. ಎಡಹೊಟ್ಟೆ ನಗಾರಿಯ ಹಾಗೆ ಉಬ್ಬಿತ್ತು. ಕಾಲುಗಳು ಹಿಮವನ್ನು ಕೆರೆದು ಕೆರೆದು ಮಣ್ಣು ಕಾಣುವವರೆಗೆ ಹೋಗಿದ್ದವು. ಬಹಳ ಒದ್ದಾಡಿದೆ.

ತೆರೆಯದೆಯೇ ಗೊತ್ತಾಗಿತ್ತು. ಆದರೂ ಕಾರಿನಿಂದ ಚಾಕು ತಂದು ತೆರೆದೆ. ಒಳಗೆ ಹುಳಿತ ಜೋಳದ ಹಿಟ್ಟು, ಬಕೆಟ್ಟು ತುಂಬುವಷ್ಟು. ಚಳಿಗಾಲದಲ್ಲಿ ಕಡ್ಡಿ, ತೊಗಟೆ ತಿಂದುಕೊಂಡಿರುವ ಹೊಟ್ಟೆಗೆ ಒಮ್ಮೆಲೇ ಇಷ್ಟು ಕಾಳು ಬಿದ್ದರೆ ವಿಷ. ಬೀದರಿನಲ್ಲಿ ಜೋಳದ ಚೀಲಕ್ಕೆ ಬಾಯಿ ಹಾಕಿದ ಎಮ್ಮೆಗಳನ್ನು ನಾನೇ ನೋಡಿದ್ದೇನೆ, ಕೆಲವನ್ನು ಉಳಿಸಿದ್ದೇನೆ. ಹದಿನೈದು ದಿನದ ಹಿಂದೆ ಡೆಕ್ಕಿನ ಮೇಲೆ ನಿಂತಾಗಲೂ ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ, ಆಮೇಲೆ ಹಟಕ್ಕೆ ಅರವತ್ತು ಬಡಿದೆ. ಈ ಸೀಸನ್ನಿನಲ್ಲಿ ನೂರೆಂಬತ್ತು ಜಿಂಕೆ ಕೊಯ್ದಿದ್ದೇನೆ, ಒಂದನ್ನೂ ನಾನು ಕೊಂದಿರಲಿಲ್ಲ. ಇದನ್ನು ಕೊಂದೆ.

ಟಾರ್ಪಲಿನ್‌ನಲ್ಲಿ ಸುತ್ತಿ ರಸ್ತೆಯ ಅಂಚಿಗೆ ಎಳೆದೆ. ಕೌಂಟಿಯವರಿಗೆ ಫೋನ್ ಮಾಡಿದೆ, ಬಂದು ಒಯ್ದರು. "ಕಾರು ಬಡದಿರಬೇಕು," ಎಂದು ಬಸವಕುಮಾರನಿಗೆ ಹೇಳಿದೆ, ಯಾವ ಜಿಂಕೆ ಎಂದು ಅವನೂ ಕೇಳಲಿಲ್ಲ. ಅಪ್ಪಟ ಸುಳ್ಳು, ಟೆಕ್ನಿಕಲಿ ಕೂಡ.

ಅತ್ತೆಗೆ ಹೇಳಬಹುದಿತ್ತು. ನೀವು ನನ್ನ ಋಣ ತೀರಿಸಲು ಹೋಗಿ ಹರಕಿವಿಯನ್ನು ಕೊಂದಿರಿ ಎಂದು ಒಂದೇ ಒಂದು ಮಾತು. ಆ ಮಾತು ನಾಲಿಗೆಯ ತುದಿಯಲ್ಲಿ ಎಷ್ಟು ಸಿಹಿಯಾಗಿತ್ತೆಂದರೆ ನನಗೇ ಹೆದರಿಕೆಯಾಯಿತು. ಒಳಗೆ ಹೋದೆ. ಅವರು ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಕಿಟಕಿಯ ಹತ್ತಿರ ಕೂತಿದ್ದರು. ಅಂಗೈಯಲ್ಲಿ ಲಿಂಗ ಹಿಡಿದ ಅದೇ ಕೈಯಿಂದ ಚೆಲ್ಲಿದ್ದರು. ಎಂಬತ್ತೊಂದು ವರ್ಷದಲ್ಲಿ ಒಂದು ಇರುವೆಯನ್ನೂ ತಿಳಿದು ತುಳಿದವರಲ್ಲ.

ಹಿಟ್ಟಿನ ಡಬ್ಬಿ ತೆಗೆಯಲಿಲ್ಲ.

"ಇವತ್ತ ರೊಟ್ಟಿ ಬಡಿಯಂಗಿಲ್ಲೇನು?"

"ಇಲ್ರೀ ಅತ್ತಿ. ಇನ್ನ ಮುಂದ ಬಡಿಯಂಗಿಲ್ಲ."

"ಸಿಟ್ಟು?"

"ಹೌದ್ರೀ."

"ಉಣ್ಣಂಗಿಲ್ಲ ಅಂತ ಸಿಟ್ಟು ನನ್ನ ಮ್ಯಾಲ ಇರ್ಲಿ. ಅವು ಮೂಕಪ್ರಾಣಿ. ಈ ಹಿಮದಾಗ ದಾರಿ ಕಾಯತಾವು."

"ಅಂಗಡಿ ಪ್ಯಾಕೆಟ್ಟೂ ಹೊರಗ ಚೆಲ್ಲಬ್ಯಾಡ್ರಿ. ಪಕ್ಕದ ಮನಿಯವರು ಕಂಪ್ಲೇಂಟ್ ಮಾಡ್ತಾರಂತ. ಬಸುಗೂ ಹೇಳೀನಿ. ಕಾಯ್ದು ಕಾಯ್ದು ಹೋಗ್ತಾವ."

ಅತ್ತೆ ನನ್ನ ಮುಖವನ್ನೇ ನೋಡಿದರು.

"ಕೊಯ್ದು ಕೊಯ್ದು ನಿನ್ನ ಎದಿ ಕಲ್ಲಾಗೇತಿ, ಸಿದ್ದಿ."

"ಆಗಿರಬೇಕ್ರಿ," ಅಂದೆ.

ಫೆಬ್ರವರಿ 3, ಮಂಗಳವಾರ. ಮಾರ್ಲೋ ಐಲ್ಯಾಂಡ್

ಬೇಟೆಯ ಸೀಸನ್ ಮುಗಿದಿದೆ. ಆದರೆ ಫ್ರೀಜರಿನಲ್ಲಿ ಇರುವುದನ್ನೆಲ್ಲ ಅರೆದು ಫುಡ್ ಬ್ಯಾಂಕಿಗೆ ಕಳಿಸುವ ಕೆಲಸ ಮಾರ್ಚ್‌ವರೆಗೆ ಇದೆ, ಇರುತ್ತೀಯಾ ಅಂತ ಅರ್ಲ್ ಕೇಳಿದ. ಇರುತ್ತೇನೆ ಅಂದೆ. ಹಂಚು, ಕೊಣಮಿಗೆ ಎರಡನ್ನೂ ತಂದಿದ್ದೇನೆ. ಮನೆಯಲ್ಲಿ ಅವುಗಳಿಗೆ ಇನ್ನೇನು ಕೆಲಸ?

ಸಂಜೆ ಟ್ರೇಲರಿನ ಸ್ಟೋವ್ ಮೇಲೆ ಹತ್ತು ರೊಟ್ಟಿ ಮಾಡಿದೆ. ಡಾರ್ಲೀನ್ ತಾನೂ ಬಡಿಯುತ್ತೇನೆಂದು ಹಟ ಹಿಡಿದು ಎರಡು ಹರಿದಳು. ನಕ್ಕೆವು. ಅರ್ಲ್ ಬಿಸಿಯಾಗಿಯೇ ಮೂರು ತಿಂದ.

ಅವರು ಹೋದ ಮೇಲೆ ಬಸವಕುಮಾರ್ ಫೋನ್ ಮಾಡಿದ.

"ಅವ್ವ ಮುಂಜಾನಿಂದ ಕಿಟಕಿ ಬಿಟ್ಟು ಏಳವಲ್ಲಳು. ಎರಡು ಬಂದು ಹೋದುವಂತ. ಹರಕಿವಿ ಬರಲಿಲ್ಲಂತ. ಎಲ್ಲಿ ಹೋಗಿರಬೇಕು ಅಂತ ನಿನ್ನ ಕೇಳು ಅಂತಾಳ. ಯು ಆರ್ ದ ಎಕ್ಸ್‌ಪರ್ಟ್ ಅಂತ."

ಹಂಚಿನ ಮೇಲೆ ಕೊನೆಯ ರೊಟ್ಟಿ ಇತ್ತು. ಅದನ್ನು ತಿರುವಿ ಹಾಕಿದೆ.

"ಬ್ಯಾರೆ ಕಡೆ ಹೋಗೇತಿ ಅಂತ ಹೇಳು," ಅಂದೆ. "ಆರಾಮ ಐತಿ ಅಂತ ಹೇಳು."